ನಾಯಿಯ ಮೈಗೆ ಆ ಎಣ್ಣೆ ಹಚ್ಚಬೇಡಿ

ಕೊಡಗಿನಲ್ಲಿ ಮಳೆ ಹಿಡಿದರೆ ಜಿಗಣೆ, ಮಳೆ ಬಿಟ್ಟರೆ ಉಣ್ಣಿ. ಕಾಫಿ ತೋಟದಲ್ಲಿ ತಿರುಗುವ ನಾಯಿಗೆ ಎರಡೂ ತಪ್ಪಿದ್ದಲ್ಲ. ನಾವು ಕಾಲಿಗೆ ನೀಲಗಿರಿ ಎಣ್ಣೆ ಸವರಿಕೊಳ್ಳುವಾಗ ಪಕ್ಕದಲ್ಲಿ ನಿಂತ ನಾಯಿಗೂ ಒಂದಿಷ್ಟು ಹಚ್ಚುವುದು ರೂಢಿ. ಈಗೀಗ ಆನ್‌ಲೈನ್‌ನಲ್ಲಿ ಟೀ ಟ್ರೀ ಎಣ್ಣೆಯೂ ಬರುತ್ತಿದೆ, ಚಹಾ ಗಿಡದ್ದಲ್ಲ, ಆಸ್ಟ್ರೇಲಿಯಾದ ಒಂದು ಮರದ ಎಲೆಯದು. ಗಿಡದ್ದೇ ಅಲ್ವಾ, ಏನಾಗುತ್ತೆ ಅಂತಾರೆ.

ಹೋದ ವರ್ಷ ಪಕ್ಕದ ತೋಟದ ಅಕ್ಕ ಸಂಜೆ ಫೋನ್ ಮಾಡಿದರು. "ಕರಿಯನಿಗೆ ಹಿಂದಿನ ಕಾಲು ನಿಲ್ತಾನೇ ಇಲ್ಲ, ಸ್ವಲ್ಪ ಬಾ ಮಾರಾಯ್ತಿ." ಹೋಗಿ ನೋಡಿದರೆ ಜೊಲ್ಲು ಸುರಿಯುತ್ತಿತ್ತು, ಮೈ ಸಣ್ಣಗೆ ನಡುಗುತ್ತಿತ್ತು. ಏಳಲು ಹೋಗಿ ಕುಡಿದವನ ಹಾಗೆ ಓಲಾಡಿ ಕುಸಿಯುತ್ತಿದ್ದ. ಕಿವಿ ಮುಟ್ಟಿದರೆ ತಣ್ಣಗೆ. ಕತ್ತಿನ ಕೂದಲೆಲ್ಲ ಅಂಟಂಟು, ಘಾಟು ವಾಸನೆ. ಮಧ್ಯಾಹ್ನ ಉಣ್ಣಿ ಕಚ್ಚಿದ ಕಡೆಗೆಲ್ಲ ಟೀ ಟ್ರೀ ಎಣ್ಣೆಯನ್ನು ಏನೂ ಬೆರೆಸದೆ ಹಚ್ಚಿದ್ದರು. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಕಂಬಳಿ ಸುತ್ತಿ, ಜೀಪಲ್ಲಿ ಡಾಕ್ಟರ ಹತ್ತಿರ ಓಡಿದೆವು. ಬಾಟಲಿಯನ್ನೂ ಒಯ್ದಿದ್ದರಿಂದ ಅವರಿಗೆ ತಕ್ಷಣ ಗೊತ್ತಾಯಿತು. ಡ್ರಿಪ್ ಹಾಕಿದರು. ಕರಿಯ ಉಳಿದ.

ಇದು ಅಕ್ಕ ಒಬ್ಬರ ಕಥೆಯಲ್ಲ. ಶುದ್ಧ ಟೀ ಟ್ರೀ ಎಣ್ಣೆಯಿಂದ ತೊಂದರೆಗೆ ಸಿಕ್ಕಿದ 443 ನಾಯಿ, ಬೆಕ್ಕುಗಳ ಬಗ್ಗೆ ಅಮೆರಿಕದ ಪಶುವೈದ್ಯರ ಪತ್ರಿಕೆಯಲ್ಲಿ 2014ರಲ್ಲಿ ಒಂದು ಅಧ್ಯಯನ ಬಂತು. ಅದರಲ್ಲಿ 395 ಸಲ ಎಣ್ಣೆಯನ್ನು ಬೇಕೆಂದೇ ಬಳಸಿದ್ದರು, ಚರ್ಮದ ತೊಂದರೆಗೋ ಹುಳುಹುಪ್ಪಟೆಗೋ ಅಂತ. ಪ್ರೀತಿಯಿಂದಲೇ ಹಚ್ಚಿರುತ್ತಾರೆ, ಅದೇ ನನಗೆ ಸಂಕಟ. ಲಕ್ಷಣ ಕಾಣಲು 2ರಿಂದ 12 ಗಂಟೆ ಬೇಕು. ಅಷ್ಟರಲ್ಲಿ ಎಣ್ಣೆ ಹಚ್ಚಿದ್ದೇ ಮರೆತಿರುತ್ತದೆ. ಚರ್ಮದಿಂದ ಒಳಗೆ ಇಳಿಯುವುದು ಒಂದು ಕಡೆ, ನಾಯಿ ಮೈ ನೆಕ್ಕಿ ನುಂಗುವುದು ಇನ್ನೊಂದು ಕಡೆ.

ಊಟಿಗೆ ಹೋದವರು ತರುವ ವಿಂಟರ್‌ಗ್ರೀನ್ ನೋವಿನೆಣ್ಣೆಯಂತೂ ಬಹುಪಾಲು ಮೀಥೈಲ್ ಸ್ಯಾಲಿಸಿಲೇಟ್, ಆಸ್ಪಿರಿನ್ ಜಾತಿಯದು, ನಾಯಿಗೆ ವಿಷ. ವಯಸ್ಸಾದ ನಾಯಿಯ ಕಾಲು ನೋವಿಗೆ ಅದನ್ನು ತಿಕ್ಕಬೇಡಿ. ನೀಲಗಿರಿ, ಲವಂಗ, ಚಕ್ಕೆ, ಪುದೀನ ಎಣ್ಣೆಗಳೂ ಬೇಡ. ಹೋಂಸ್ಟೇ ನಡೆಸುವವರು ಡಿಫ್ಯೂಸರ್ (ಇಂಥ ಎಣ್ಣೆಯ ಪರಿಮಳವನ್ನು ಗಾಳಿಗೆ ಹರಡುವ ಸಾಧನ) ಹಚ್ಚಿದ ಕೋಣೆಯಲ್ಲಿ ನಾಯಿಯನ್ನು ಕೂಡಿಹಾಕಬೇಡಿ.

ನಮ್ಮ ಮನೆಯಲ್ಲಿ ಉಣ್ಣಿಗೆ ಡಾಕ್ಟರು ತೂಕ ನೋಡಿ ಕೊಡುವ ಮಾತ್ರೆ. ಜೊತೆಗೆ ಸಂಜೆ ಕಿವಿಯ ಒಳಗೆ, ಬೆರಳ ಸಂದಿಯಲ್ಲಿ ಕೈಯಾಡಿಸಿ ನೋಡುತ್ತೇನೆ. ಜಿಗಣೆಗೆ ಚಿಟಿಕೆ ಉಪ್ಪು ಸಾಕು.

ನಾಯಿ ಇಂಥ ಎಣ್ಣೆ ಕುಡಿದಿದ್ದರೆ ಮಾತ್ರ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ವಾಂತಿಯಾಗುವಾಗ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಬಾಟಲಿ ಹಿಡಿದುಕೊಂಡು ನೇರ ಡಾಕ್ಟರ ಹತ್ತಿರ ಹೊರಡಿ.