ಆಮ್ಲಜನಕ ಕಂಡದ್ದೆಲ್ಲ ಉತ್ಕರ್ಷಣವಲ್ಲ

‘ಸರ, ಸಮೀಕರಣ ನೋಡಿದ ಕೂಡ್ಲೆ ಯಾವುದು ಆಕ್ಸಿಡೇಶನ್, ಯಾವುದು ರಿಡಕ್ಷನ್ ಅಂತ ಹೆಂಗ ಹಿಡಿಯೋದ್ರೀ?’ ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ಸೈನ್ಸ್‌ಗೆ ಬಂದ ಹುಡುಗರು ವರ್ಷವರ್ಷವೂ ಕೇಳುವ ಪ್ರಶ್ನೆ.

ನೋಡಿದ ಕೂಡಲೇ ಹಿಡಿಯಲು ಹೋಗಬೇಡಿ. ಪ್ರತಿ ಪರಮಾಣುವಿನ ತಲೆಯ ಮೇಲೆ ಪೆನ್ಸಿಲಿನಿಂದ ಅದರ ಉತ್ಕರ್ಷಣ ಸಂಖ್ಯೆ (ಆ ಪರಮಾಣು ಎಷ್ಟು ಎಲೆಕ್ಟ್ರಾನ್ ಕಳೆದುಕೊಂಡಂತೆ ಅಥವಾ ಪಡೆದಂತೆ ಎಂಬ ಲೆಕ್ಕ, ನಿಯಮ ಮುಂದಿದೆ) ಬರೆಯಿರಿ, ಎಡಬಲ ಹೋಲಿಸಿ. ಸಂಖ್ಯೆ ಏರಿದ್ದು ಉತ್ಕರ್ಷಣ (ಆಕ್ಸಿಡೇಶನ್), ಇಳಿದದ್ದು ಅಪಕರ್ಷಣ (ರಿಡಕ್ಷನ್). ‘ಆಮ್ಲಜನಕ ಸೇರಿದರೆ ಉತ್ಕರ್ಷಣ’ ಎಂದು ಹಿಂದೆ ಕಲಿತದ್ದು ಸುಳ್ಳಲ್ಲ, ಆದರೆ ಅರ್ಧ ದಾರಿಯಲ್ಲಿ ಕೈಬಿಡುತ್ತದೆ.

ಬೆಳಗಾವಿ, ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆಯನ್ನೇ ನೋಡಿ. ಹಂಗಾಮಿನಲ್ಲಿ ಬರ್ನರಿನೊಳಗೆ ಗಂಧಕ ಸುಡುತ್ತಾರೆ. ಬಿಡಿ ಗಂಧಕ 0. ಸಲ್ಫರ್ ಡೈಆಕ್ಸೈಡ್ ಆದಾಗ ಒಂದೊಂದು −2ರ ಎರಡು ಆಮ್ಲಜನಕ ಸೇರಿ −4, ಹಾಗಾಗಿ ಗಂಧಕ +4. ಇದು ಉತ್ಕರ್ಷಣ. ಈ ಅನಿಲವನ್ನು ಸುಣ್ಣದ ಹಾಲು ಬೆರೆಸಿದ ಕಬ್ಬಿನ ಹಾಲಿಗೆ ಹಾಯಿಸಿದಾಗ ಕ್ಯಾಲ್ಸಿಯಂ ಸಲ್ಫೈಟ್ ಗಸಿಯಾಗಿ ಇಳಿಯುತ್ತದೆ. ಡೈಆಕ್ಸೈಡಿನ ಎರಡು ಆಮ್ಲಜನಕ ಸಲ್ಫೈಟಿನಲ್ಲಿ ಮೂರಾಗಿವೆಯಲ್ಲ, ಹಾಗಾದರೆ ಇದೂ ಉತ್ಕರ್ಷಣವೇ? ಲೆಕ್ಕ ಹಾಕಿ: ಕ್ಯಾಲ್ಸಿಯಂ +2, ಮೂರು ಆಮ್ಲಜನಕ −6, ಉಳಿದ +4 ಗಂಧಕದ್ದು. ಮೊದಲೂ +4, ಈಗಲೂ +4. ಇಲ್ಲಿ ರೆಡಾಕ್ಸ್ (ಉತ್ಕರ್ಷಣ-ಅಪಕರ್ಷಣ) ಕ್ರಿಯೆಯೇ ಇಲ್ಲ.

ಸುಣ್ಣದ ಭಟ್ಟಿಯದೂ ಅದೇ ಕಥೆ. ಸುಣ್ಣದ ಕಲ್ಲು ಸುಟ್ಟು ಕಾರ್ಬನ್ ಡೈಆಕ್ಸೈಡ್ ಹೊರಬಿದ್ದರೂ ಕಾರ್ಬನ್ +4ರಿಂದ ಅಲುಗುವುದಿಲ್ಲ. ಬೆಂಕಿ, ಹೊಗೆ ಕಂಡು ಮೋಸಹೋಗಬೇಡಿ.

ಸಂಖ್ಯೆ ಬರೆಯಲು ಬೇಕಾದ ನಿಯಮ ಹೆಚ್ಚಿಲ್ಲ. ಬಿಡಿ ಧಾತುವಿಗೆ 0, ಒಂಟಿ ಅಯಾನಿಗೆ ಅದರ ಆವೇಶ. ಸಂಯುಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ +1, ಕ್ಯಾಲ್ಸಿಯಂ +2, ಹೈಡ್ರೋಜನ್ ಸಾಮಾನ್ಯವಾಗಿ +1, ಆಮ್ಲಜನಕ ಸಾಮಾನ್ಯವಾಗಿ −2. ಒಟ್ಟು ಮೊತ್ತ ಅಣುವಾದರೆ 0, ಅಯಾನಾದರೆ ಅದರ ಆವೇಶ. ಆ ‘ಸಾಮಾನ್ಯವಾಗಿ’ ಎಂಬ ಪದ ಮರೆತವರು ಸೋಡಿಯಂ ಹೈಡ್ರೈಡಿನಲ್ಲಿ (ಅಲ್ಲಿ ಹೈಡ್ರೋಜನ್ −1), ಹೈಡ್ರೋಜನ್ ಪೆರಾಕ್ಸೈಡಿನಲ್ಲಿ (ಅಲ್ಲಿ ಆಮ್ಲಜನಕ −1) ಸಿಕ್ಕಿಬೀಳುತ್ತಾರೆ.

ಇನ್ನು ಅತಿ ಹೆಚ್ಚು ಅಂಕ ಕಳೆಯುವ ತಪ್ಪು. ಬೆಲ್ಲದ ಬಣ್ಣ ತಿಳಿಯಾಗಲೆಂದು ಕೆಲವರು ಕೊಪ್ಪರಿಗೆಗೆ ಹಾಕುವ ಹೈಡ್ರೋಸ್ ಪುಡಿ ಗೊತ್ತಲ್ಲ, ಅದು ಸೋಡಿಯಂ ಡೈಥಯೋನೈಟ್: ಎರಡು ಸೋಡಿಯಂ, ಎರಡು ಗಂಧಕ, ನಾಲ್ಕು ಆಮ್ಲಜನಕ. +2 ಮತ್ತು −8 ಕೂಡಿದರೆ −6, ಆದ್ದರಿಂದ ಗಂಧಕ +6 ಎಂದು ಬರೆದುಬಿಡುತ್ತಾರೆ. ಆ +6 ಎರಡು ಗಂಧಕಗಳ ಪಾಲು, ಒಂದೊಂದಕ್ಕೆ +3. ಗಂಧಕಕ್ಕೆ +6 ಎಂದರೆ ಏರಲು ಜಾಗವೇ ಇಲ್ಲದ ತುದಿ. ಇದು +3ರಲ್ಲಿದ್ದು ಮೇಲೇರಲು ಹವಣಿಸುತ್ತದೆ, ಅದಕ್ಕೇ ಬಣ್ಣದ ಅಣುಗಳನ್ನು ಅಪಕರ್ಷಿಸುತ್ತದೆ. ಭಾಗಿಸುವುದನ್ನು ಮರೆತರೆ ಪುಡಿಯ ಗುಣವೇ ತಲೆಕೆಳಗು.

ಇದೇ ತಪ್ಪು ಪ್ರಾಕ್ಟಿಕಲ್‌ನಲ್ಲಿ, ಒಂದು ದ್ರಾವಣದಿಂದ ಇನ್ನೊಂದರ ಸಾಂದ್ರತೆ ಅಳೆಯುವ ಟೈಟ್ರೇಶನ್‌ನಲ್ಲಿ, ಬೇರೆ ವೇಷದಲ್ಲಿ ಬರುತ್ತದೆ. ಬ್ಯೂರೆಟ್‌ನಲ್ಲಿ ಪೊಟ್ಯಾಸಿಯಂ ಪರ್ಮ್ಯಾಂಗನೇಟ್, ಫ್ಲಾಸ್ಕ್‌ನಲ್ಲಿ ಆಕ್ಸಾಲಿಕ್ ಆಮ್ಲ ಮತ್ತು ಸಾರರಿಕ್ತ (ನೀರು ಬೆರೆಸಿದ) ಸಲ್ಫ್ಯೂರಿಕ್ ಆಮ್ಲ, 60ರಿಂದ 70 ಡಿಗ್ರಿ ಸೆಲ್ಸಿಯಸ್ ಬಿಸಿ. ಪರ್ಮ್ಯಾಂಗನೇಟ್‌ನಲ್ಲಿ ಮ್ಯಾಂಗನೀಸ್ +7, ಬಣ್ಣ ಹೋದ ಮೇಲೆ +2: ಐದು ಮೆಟ್ಟಿಲು ಇಳಿತ. ಆಕ್ಸಾಲಿಕ್ ಆಮ್ಲದ ಕಾರ್ಬನ್ +3ರಿಂದ +4ಕ್ಕೆ ಒಂದೇ ಮೆಟ್ಟಿಲು ಏರುತ್ತದೆ. ಆದರೆ ಒಂದು ಅಣುವಿನಲ್ಲಿ ಕಾರ್ಬನ್ ಎರಡಿವೆ, ಹಾಗಾಗಿ ಅಣುವಿಗೆ ಎರಡು. ಒಟ್ಟು ಇಳಿತ, ಒಟ್ಟು ಏರಿಕೆ ಸಮವಾಗಬೇಕು; ಅದಕ್ಕೆ ಐದನ್ನೂ ಎರಡನ್ನೂ ಅದಲುಬದಲು ಮಾಡಿದರೆ ಎರಡು ಪರ್ಮ್ಯಾಂಗನೇಟ್‌ಗೆ ಐದು ಆಕ್ಸಾಲಿಕ್ ಆಮ್ಲ. ಎರಡು ಕಾರ್ಬನ್ ಎಣಿಸದವರಿಗೆ ಒಂದಕ್ಕೆ ಐದು ಬರುತ್ತದೆ, ಸಾಂದ್ರತೆ ಸರಿಯಾಗಿ ಎರಡು ಪಟ್ಟು ತಪ್ಪುತ್ತದೆ.

ಆಮ್ಲ ಕಡಿಮೆ ಬಿದ್ದರೆ ಫ್ಲಾಸ್ಕ್ ಕಂದಾಗುತ್ತದೆ. ಮ್ಯಾಂಗನೀಸ್ +2ರವರೆಗೆ ಇಳಿಯದೆ +4ರಲ್ಲೇ ನಿಂತು ಮ್ಯಾಂಗನೀಸ್ ಡೈಆಕ್ಸೈಡ್ ಆಗಿದೆ ಎಂದರ್ಥ. ಐದರ ಲೆಕ್ಕ ಅಲ್ಲಿಗೆ ಮುರಿಯಿತು, ಹೊಸದಾಗಿ ಮಾಡಿ. ಸಲ್ಫ್ಯೂರಿಕ್ ಬದಲು ಹೈಡ್ರೋಕ್ಲೋರಿಕ್ ಆಮ್ಲ ಸುರಿದರೆ ಅದರ ಕ್ಲೋರೈಡೇ −1ರಿಂದ 0ಗೆ ಏರಿ ಪರ್ಮ್ಯಾಂಗನೇಟನ್ನು ತಿನ್ನುತ್ತದೆ, ರೀಡಿಂಗ್ ಸುಮ್ಮನೆ ಜಾಸ್ತಿ ಬರುತ್ತದೆ. ‘ಯಾವ ಆಸಿಡ್ ಆದ್ರೂ ನಡೀತದ’ ಅನ್ನುವವರ ಮಾತು ಕೇಳಬೇಡಿ.

ಹುಡುಕಾಟ ಎಲ್ಲಿಂದ ಸುರು ಮಾಡಬೇಕು? ಒಂದು ಬದಿ ಬಿಡಿಯಾಗಿರುವ ಧಾತು ಇನ್ನೊಂದು ಬದಿ ಸಂಯುಕ್ತದಲ್ಲಿ ಕಂಡರೆ ಮೊದಲು ಅಲ್ಲಿ ಕೈಹಾಕಿ. ಸಲ್ಫೇಟ್, ನೈಟ್ರೇಟ್ ಎರಡೂ ಬದಿ ಇಡಿಯಾಗಿ ಉಳಿದಿದ್ದರೆ ಅವನ್ನು ಬಿಟ್ಟುಬಿಡಿ. ಏರಿದ್ದು ಸಿಕ್ಕು ಇಳಿದದ್ದು ಸಿಗದಿದ್ದರೆ ಒಂದೇ ಧಾತು ಎರಡೂ ಕಡೆ ಹೋಗಿರಬಹುದು: ಪೆರಾಕ್ಸೈಡ್ ಒಡೆದಾಗ −1ರಲ್ಲಿದ್ದ ಆಮ್ಲಜನಕ ನೀರಿನಲ್ಲಿ −2 ಆಗುತ್ತದೆ, ಅನಿಲವಾಗಿ 0 ಆಗುತ್ತದೆ. ಅಂಥಲ್ಲಿ ಆ ಧಾತುವಿನಿಂದ ಏರಿಕೆಗೊಂದು, ಇಳಿತಕ್ಕೊಂದು ಎಂದು ಎರಡು ಬಾಣ ಎಳೆಯಬೇಕು.