ಗರ್ಭಕೋಶ ಜಾರಿದಾಗ ವ್ಯಾಯಾಮ: ಎತ್ತುವುದೋ, ತಳ್ಳುವುದೋ?

ಮುಟ್ಟು ನಿಲ್ಲುವ ಆಸುಪಾಸಿನಲ್ಲಿ 'ಕೆಳಗೆ ಏನೋ ಇಳಿದ ಹಾಗಾಗುತ್ತೆ', 'ಸಂಜೆಯಾದರೆ ಭಾರ ಜಾಸ್ತಿ' ಎಂದು ಹೇಳಿಕೊಳ್ಳುವ ಹೆಂಗಸರಿಗೆ ಸಿಗುವ ಸಲಹೆ ಹೆಚ್ಚಾಗಿ ಎರಡೇ ಪದದ್ದು: ಕೆಗೆಲ್ ಮಾಡಿ. ಅಂದರೆ ಕೆಳಗಿನ ಸ್ನಾಯುವನ್ನು ಬಿಗಿಮಾಡಿ ಬಿಡುವ ವ್ಯಾಯಾಮ. ಹೇಗೆ, ಎಷ್ಟು, ಎಷ್ಟು ತಿಂಗಳು ಎಂದು ಕೂರಿಸಿಕೊಂಡು ಹೇಳುವವರು ಕಡಿಮೆ. ಹಾಗಾಗಿ ಎರಡು ವಾರ ಮಾಡಿ, ಏನೂ ಆಗಲಿಲ್ಲವೆಂದು ಕೈಬಿಡುವವರು ಬಹಳ. ಸರಿಯಾದ ಸ್ನಾಯುವನ್ನು ಸರಿಯಾದ ದಿಕ್ಕಿಗೆ, ಸಾಕಷ್ಟು ಕಾಲ ದುಡಿಸಿದರೆ ಈ ವ್ಯಾಯಾಮದಿಂದ ನಿಜಕ್ಕೂ ಉಪಯೋಗವಿದೆ. ಎಡವುವುದು ಬಹುತೇಕ ಆ ದಿಕ್ಕಿನಲ್ಲೇ.

ಮುಂದಿನ ಜಘನದ ಮೂಳೆಯಿಂದ ಹಿಂದಿನ ಬಾಲದ ಮೂಳೆಯವರೆಗೆ ಸ್ನಾಯುಗಳ ಒಂದು ಹಾಸು ಇದೆ. ಇದೇ ಪೆಲ್ವಿಕ್ ಫ್ಲೋರ್. ಮೂತ್ರಕೋಶ, ಗರ್ಭಕೋಶ, ಮಲಾಶಯ ಮೂರಕ್ಕೂ ಕೆಳಗಿನಿಂದ ಆಸರೆ ಅದೇ; ಮೇಲಿನಿಂದ ಹಿಡಿದಿರುವುದು ಲಿಗಮೆಂಟುಗಳು, ಅಂದರೆ ಗಟ್ಟಿ ಪಟ್ಟಿಯಂಥ ಕಟ್ಟುಗಳು. ಹೆರಿಗೆಯಲ್ಲಿ, ಅದರಲ್ಲೂ ಫೋರ್ಸೆಪ್ಸ್ (ಹೆರಿಗೆಯ ಇಕ್ಕಳ) ಹಾಕಿ ಮಗುವನ್ನು ತೆಗೆದಿದ್ದರೆ, ಈ ಸ್ನಾಯು ಮೂಳೆಯಿಂದ ಕಿತ್ತುಬಂದಿರಬಹುದು. ಎಷ್ಟೋ ವರ್ಷ ಅದು ಗೊತ್ತೇ ಆಗುವುದಿಲ್ಲ. ಋತುಬಂಧದ ಹೊತ್ತಿಗೆ ಈಸ್ಟ್ರೋಜನ್ ಹಾರ್ಮೋನು ಇಳಿದು ಯೋನಿಯ ಗೋಡೆ ತೆಳುವಾಗುತ್ತದೆ, ವಯಸ್ಸಿನಿಂದ ಸ್ನಾಯುವೂ ಸೊರಗುತ್ತದೆ, ಹಳೆಯ ಪೆಟ್ಟು ಆಗ ತಲೆಯೆತ್ತುತ್ತದೆ. ಹಳೆಯ ಮಲಬದ್ಧತೆ, ಬಿಡದ ಕೆಮ್ಮು, ಹೆಚ್ಚಿದ ತೂಕ ಇದ್ದರೆ ಇನ್ನೂ ಬೇಗ.

ಗರ್ಭಕೋಶ ಜಾರಿದೆ ಎಂದು ಎಲ್ಲರೂ ಹೇಳುತ್ತಾರಾದರೂ ಹೆಚ್ಚು ಸಲ ಇಳಿಯುವುದು ಯೋನಿಯ ಮುಂದಿನ ಗೋಡೆ, ಅದರ ಜೊತೆಗೆ ಮೂತ್ರಕೋಶ. ಅಂಥವರಿಗೆ ಮೂತ್ರ ಪೂರ್ತಿ ಖಾಲಿಯಾಗದ ಅನುಭವ. ಹಿಂದಿನ ಗೋಡೆ ಉಬ್ಬಿದರೆ ಮಲ ಬಾಗಿಲ ತನಕ ಬಂದು ನಿಂತುಬಿಡುತ್ತದೆ. ಗರ್ಭಕೋಶ ತೆಗೆಸಿಕೊಂಡವರಿಗೂ ಯೋನಿಯ ಮೇಲ್ತುದಿ ಕೆಳಗಿಳಿಯಬಹುದು. 'ನನಗೆ ಗರ್ಭಕೋಶವೇ ಇಲ್ಲವಲ್ಲ' ಎಂದು ಪರೀಕ್ಷೆ ಮುಂದೂಡಬಾರದು. ಇಳಿತವನ್ನು 1ರಿಂದ 4ನೇ ಹಂತದವರೆಗೆ ಅಳೆಯುತ್ತಾರೆ, ಅಳತೆಯ ಗೆರೆ ಯೋನಿಯ ಬಾಯಿಯ ಹತ್ತಿರದ ಕನ್ಯಾಪೊರೆಯ ಅಂಚು. ಉಬ್ಬಿನ ತುದಿ ಆ ಗೆರೆಗಿಂತ 1 ಸೆಂ.ಮೀ.ಗೂ ಹೆಚ್ಚು ಒಳಗಿದ್ದರೆ 1ನೇ ಹಂತ, ಗೆರೆಯ ಆಚೀಚೆ 1 ಸೆಂ.ಮೀ. ಒಳಗೆ ಇದ್ದರೆ 2ನೇ ಹಂತ. ವ್ಯಾಯಾಮದ ಫಲ ಹೆಚ್ಚು ನಿರೀಕ್ಷಿಸಬಹುದಾದದ್ದು ಈ ಎರಡರಲ್ಲಿ.

ಈಗ ದಿಕ್ಕಿನ ವಿಷಯ. 1991ರ ಒಂದು ಅಧ್ಯಯನದಲ್ಲಿ ಬಾಯಿಮಾತಿನಲ್ಲಿ ಹೇಳಿಕೊಟ್ಟ ಮೇಲೆ ಹೆಂಗಸರ ಪ್ರಯತ್ನವನ್ನು ಅಳೆದು ನೋಡಿದರು. ಸುಮಾರು ಕಾಲು ಭಾಗದವರ ಪ್ರಯತ್ನ ಉಪಯೋಗಕ್ಕಿಂತ ತೊಂದರೆಯನ್ನೇ ಹೆಚ್ಚಿಸುವಂಥದ್ದಾಗಿತ್ತು. ಬಿಗಿಹಿಡಿಯುತ್ತಿದ್ದೇನೆ ಎಂದುಕೊಂಡು ಉಸಿರು ಕಟ್ಟಿ ತಿಣುಕಿದರೆ, ಜಾರಿದ್ದನ್ನು ನಾವೇ ಇನ್ನಷ್ಟು ಕೆಳಕ್ಕೆ ನೂಕಿದಂತೆ. ಆದ್ದರಿಂದ ಈ ವಿಷಯದಲ್ಲಿ ತರಬೇತಿಯಿರುವ ಫಿಸಿಯೋಥೆರಪಿಸ್ಟ್ ಬಳಿ ಒಂದು ಸಲವಾದರೂ ಪರೀಕ್ಷೆ ಮಾಡಿಸಿಕೊಳ್ಳುವುದೇ ಒಳ್ಳೆಯದು. ಅವರು ನಿಮ್ಮ ಒಪ್ಪಿಗೆ ಕೇಳಿ, ಗ್ಲವ್ಸ್ ಹಾಕಿದ ಬೆರಳಿನಿಂದ ಹಿಡಿತದ ಬಲವನ್ನು 0ಯಿಂದ 5ರವರೆಗೆ ಗುರುತಿಸುತ್ತಾರೆ, ಎಷ್ಟು ಸೆಕೆಂಡು ನಿಲ್ಲುತ್ತದೆ ಎಂದು ಎಣಿಸುತ್ತಾರೆ, ಪೂರ್ತಿ ಸಡಿಲವಾಗುತ್ತದೆಯೇ ಎಂದೂ ನೋಡುತ್ತಾರೆ. ಒಳಪರೀಕ್ಷೆ ಬೇಡವೆನ್ನುವ ಹಕ್ಕು ನಿಮಗಿದೆ. ಆಗ ಹೊರಗಿನಿಂದಲೇ ನೋಡಿ, ಅಥವಾ ಅಲ್ಟ್ರಾಸೌಂಡ್ ಇಟ್ಟು ಎಷ್ಟೋ ಮಟ್ಟಿಗೆ ತಿಳಿದುಕೊಳ್ಳಬಹುದು.

ಮನೆಯಲ್ಲಿ ಪರಿಶೀಲಿಸಿಕೊಳ್ಳಲು ಒಂದು ಕೈಗನ್ನಡಿ ಸಾಕು. ಮೂತ್ರ ಮಾಡಿ ಬಂದು ಬೆನ್ನ ಮೇಲೆ ಮಲಗಿ, ಮಂಡಿ ಮಡಚಿ, ಪಾದ ನೆಲಕ್ಕೂರಿ. ಹೊಟ್ಟೆಯ ಗಾಳಿ ಹೊರಹೋಗದಂತೆ ತಡೆಯುವ ಹಾಗೆ ಗುದದ್ವಾರವನ್ನು ಬಿಗಿಮಾಡಿ, ಆ ಬಿಗಿತವನ್ನು ಮುಂದಕ್ಕೆ, ಮೂತ್ರದ್ವಾರದ ಕಡೆಗೆ ತಂದು ಒಳಕ್ಕೆ, ಮೇಲಕ್ಕೆ ಎಳೆದುಕೊಳ್ಳಿ. ಯೋನಿಗೂ ಗುದದ್ವಾರಕ್ಕೂ ನಡುವಿನ ಚರ್ಮ ಕನ್ನಡಿಯಲ್ಲಿ ಒಳಗೆ ಸರಿಯಬೇಕು. ಹೊರಕ್ಕೆ ಉಬ್ಬಿದರೆ ತಳ್ಳುತ್ತಿದ್ದೀರಿ ಎಂದರ್ಥ. ಅಲ್ಲೇ ನಿಲ್ಲಿಸಿ, ಅರ್ಧದಷ್ಟೇ ಬಲ ಹಾಕಿ ಮತ್ತೆ ಪ್ರಯತ್ನಿಸಿ. ಪೃಷ್ಠ, ತೊಡೆ ಸೆಟೆದುಕೊಳ್ಳಬಾರದು. ಕೆಳಹೊಟ್ಟೆ ಸ್ವಲ್ಪ ಒಳಸೇರಿದರೆ ಪರವಾಗಿಲ್ಲ, ಮೇಲ್ಹೊಟ್ಟೆಯನ್ನು ಒಳಕ್ಕೆ ಎಳೆದುಕೊಳ್ಳಬಾರದು. ಉಸಿರು ಕಟ್ಟುತ್ತಿದೆಯೇ ಎಂದು ತಿಳಿಯಲು ಬಾಯಿಬಿಟ್ಟು ಎಣಿಸಿ. ಮಾತು ಹೊರಡದಿದ್ದರೆ ಕಟ್ಟಿದ್ದೀರಿ. ಮೂತ್ರ ಹೊಯ್ಯುವಾಗ ನಡುವೆ ತಡೆದು ಅಭ್ಯಾಸ ಮಾಡುವುದಂತೂ ಬೇಡ, ಮೂತ್ರಕೋಶ ಅರ್ಧಂಬರ್ಧ ಖಾಲಿಯಾಗುತ್ತದೆ.

ಪ್ರಮಾಣ ಅವರವರ ಸ್ನಾಯುವಿಗೆ ತಕ್ಕಂತೆ. 3 ಸೆಕೆಂಡಿಗೆ ಹಿಡಿತ ಕಳಚಿಕೊಂಡರೆ, 5 ಸಲಕ್ಕೆ ಸೋತರೆ, ಶುರುವಿನ ಪಾಠ ಅಷ್ಟೇ: 3 ಸೆಕೆಂಡು, 5 ಸಲ. ಗುರಿ 6ರಿಂದ 10 ಸೆಕೆಂಡು ಹಿಡಿದು 8ರಿಂದ 12 ಸಲ, ಆಮೇಲೆ ಪಟಪಟನೆ ಬಿಗಿಮಾಡಿ ಬಿಡುವ 10 ಸಲ, ಇಷ್ಟನ್ನು ದಿನಕ್ಕೆ 3 ಹೊತ್ತು. ಪ್ರತಿ ಹಿಡಿತದ ನಂತರ ಹಿಡಿದಷ್ಟೇ ಹೊತ್ತು, ಮೊದಮೊದಲು ಅದರ ಎರಡರಷ್ಟು ಹೊತ್ತು ಪೂರ್ತಿ ಸಡಿಲ ಬಿಡಬೇಕು. ಸಡಿಲವಾಗದ ಸ್ನಾಯು ಮುಂದಿನ ಸಲ ಎತ್ತುವುದಿಲ್ಲ. ಮಲಗಿ ಸಲೀಸಾದ ಮೇಲೆ ಕೂತು, ನಂತರ ನಿಂತು ಮಾಡಿ. ಭಾರ ಕೆಳಗೆ ಎಳೆಯುವುದು ನಿಂತಾಗಲೇ, ಹಾಗಾಗಿ ಮಲಗಿಯೇ ಮುಗಿಸಿದರೆ ತರಬೇತಿ ಅರ್ಧ ಮಾತ್ರ.

ಎಲ್ಲರೂ ಬಿಗಿಮಾಡಲೇಬೇಕೆಂದಿಲ್ಲ. ಸಂಭೋಗದಲ್ಲಿ ನೋವು, ಮೂತ್ರ ಶುರುವಾಗಲು ಕಾಯಬೇಕಾಗುವುದು, ಕೆಳಗೆ ಸದಾ ಸೆಳೆತ ಇರುವವರ ಸ್ನಾಯು ದುರ್ಬಲವಾಗಿರುವುದರ ಜೊತೆಗೆ ಗಂಟುಕಟ್ಟಿಯೂ ಇರಬಹುದು. ಅವರಿಗೆ ಮೊದಲು ಬೇಕಾದದ್ದು ಸಡಿಲಿಸುವ ಅಭ್ಯಾಸ: ಹೊಟ್ಟೆ ಉಬ್ಬುವಂತೆ ನಿಧಾನವಾಗಿ ಉಸಿರು ತೆಗೆದುಕೊಳ್ಳುತ್ತ ಕೆಳಗಿನ ಸ್ನಾಯು ಇಳಿಯಲು ಬಿಡುವುದು. ಅಂಥವರಿಗೆ 'ಇನ್ನೂ ಗಟ್ಟಿ, ಇನ್ನೂ ಗಟ್ಟಿ' ಎನ್ನುವುದು ಅನ್ಯಾಯ.

ಎಷ್ಟು ಕಾಲ? ಚಿಕಿತ್ಸೆಗೆ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ (NICE) ಸಂಸ್ಥೆಯ 2019ರ ಮಾರ್ಗಸೂಚಿ, ತೊಂದರೆ ಇರುವ 1 ಮತ್ತು 2ನೇ ಹಂತದವರಿಗೆ ಕನಿಷ್ಠ 16 ವಾರಗಳ ಮೇಲ್ವಿಚಾರಣೆಯ ತರಬೇತಿಯನ್ನು ಸೂಚಿಸುತ್ತದೆ. 2014ರಲ್ಲಿ ಪ್ರಕಟವಾದ 'ಪಾಪಿ' (POPPY) ಎಂಬ ಅಧ್ಯಯನದಲ್ಲಿ 447 ಹೆಂಗಸರಿದ್ದರು. 16 ವಾರಗಳಲ್ಲಿ 5 ಭೇಟಿಗಳ ತರಬೇತಿ ಪಡೆದವರಿಗೆ, ಬರೀ ಜೀವನಶೈಲಿಯ ಸಲಹೆ ಪಡೆದವರಿಗಿಂತ ಒಂದು ವರ್ಷದ ನಂತರ ತೊಂದರೆ ಕಡಿಮೆ ಇತ್ತು. ಕಡಿಮೆಯಾಗುವುದು ಮುಖ್ಯವಾಗಿ ಭಾರ, ಎಳೆತ, ಮೂತ್ರದ ಕಿರಿಕಿರಿ. ಪೂರ್ತಿ ಹೊರಬಂದ ಗರ್ಭಕೋಶ ವ್ಯಾಯಾಮದಿಂದ ಮೇಲೇರಿ ಕೂರುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ.

ಗಳಿಸಿದ ಬಲವನ್ನು ಬಳಸುವ ಹೊತ್ತು ಕೆಮ್ಮು, ಸೀನು, ಭಾರ ಎತ್ತುವ ಕ್ಷಣ. ಕೆಮ್ಮು ಬರುವ ಮುನ್ಸೂಚನೆ ಸಿಕ್ಕೊಡನೆ ಒಮ್ಮೆ ಬಿಗಿಯಾಗಿ ಎತ್ತಿಕೊಳ್ಳಿ, ಕೆಮ್ಮು ಮುಗಿಯುವವರೆಗೆ ಬಿಡಬೇಡಿ. ಭಾರ ಎತ್ತುವಾಗ ಮೊದಲು ಬಿಗಿ, ಆಮೇಲೆ ಉಸಿರು ಬಿಡುತ್ತ ಎತ್ತು. ಏನನ್ನೂ ಎತ್ತದೆ ಕೂರುವುದು ಪರಿಹಾರವಲ್ಲ, ಕೈಕಾಲಿನ ಬಲವೂ ಹೋಗುತ್ತದೆ.

ದಿನಕ್ಕೆ ಮೂರು ಹೊತ್ತು ಎತ್ತಿದ್ದನ್ನು ಶೌಚಾಲಯದಲ್ಲಿ ತಿಣುಕಿ ಕಳೆದುಕೊಳ್ಳುವವರಿದ್ದಾರೆ. ಕಮೋಡಿನ ಮೇಲೆ ಕೂತಾಗ ಪಾದದ ಕೆಳಗೆ ಚಿಕ್ಕ ಮಣೆ ಇಟ್ಟು, ಮಂಡಿ ಸೊಂಟಕ್ಕಿಂತ ಮೇಲೆ ಬರಲಿ. ಮುಂದಕ್ಕೆ ಬಾಗಿ ಮೊಣಕೈ ತೊಡೆಗೂರಿ, ದವಡೆ ಸಡಿಲ ಬಿಟ್ಟು, ಹೊಟ್ಟೆಯನ್ನು ಸೊಂಟದ ಸುತ್ತ ಅಗಲವಾಗಲು ಬಿಡಿ. ಹಿಂದಿನ ಗೋಡೆ ಉಬ್ಬಿ ಮಲ ಸಿಕ್ಕಿಕೊಳ್ಳುವವರು ಶುಚಿಯಾದ ಬೆರಳಿನಿಂದ ಯೋನಿಯ ಹಿಂಗೋಡೆಯನ್ನು ಅಥವಾ ಹೊರಗಿನ ಚರ್ಮವನ್ನು ಒತ್ತಿಹಿಡಿದರೆ ಸಲೀಸಾಗುತ್ತದೆ. ಇದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. ಮೂತ್ರ ಉಳಿದಂತೆನಿಸಿದರೆ ಎದ್ದು ನಿಂತು, ಸೊಂಟ ಆಡಿಸಿ, ಮತ್ತೆ ಕೂತು ನೋಡಿ. ಸಂಜೆಯ ಭಾರಕ್ಕೆ ಸೊಂಟದ ಕೆಳಗೆ ದಿಂಬಿಟ್ಟು 15 ನಿಮಿಷ ಮಲಗುವುದು ಹಿತ.

ಯೋನಿಗೆ ಹಚ್ಚುವ ಈಸ್ಟ್ರೋಜನ್ ಕ್ರೀಮು ಜಾರಿದ್ದನ್ನು ಮೇಲೆತ್ತುವುದಿಲ್ಲ, ಒಣಗುವಿಕೆ ಮತ್ತು ಉರಿ ತಗ್ಗಿಸುತ್ತದೆ. ಸ್ತನ ಕ್ಯಾನ್ಸರ್ ಆಗಿದ್ದವರು ವೈದ್ಯರನ್ನು ಕೇಳದೆ ಬಳಸಬಾರದು. ವ್ಯಾಯಾಮದ ಜೊತೆಗೇ ಸಿಲಿಕೋನಿನ ಪೆಸರಿ, ಅಂದರೆ ಯೋನಿಯೊಳಗಿಟ್ಟು ಜಾರಿದ ಭಾಗಕ್ಕೆ ಆಸರೆ ಕೊಡುವ ಸಾಧನ, ಹಾಕಿಸಿಕೊಳ್ಳಬಹುದು. ಸರಿಯಾದ ಅಳತೆಯದಾದರೆ ಒಳಗಿರುವುದೇ ಗೊತ್ತಾಗದು, ಮೂತ್ರಕ್ಕೂ ಅಡ್ಡಿಯಾಗದು. ಗೊತ್ತಾಗುತ್ತಿದೆ ಎಂದರೆ ಅಳತೆ ಬದಲಿಸಬೇಕು.

ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಅದನ್ನು ಜಾರಿದ್ದರ ತಲೆಗೆ ಕಟ್ಟದೆ ಸ್ತ್ರೀರೋಗ ತಜ್ಞರಿಗೆ ತೋರಿಸಿ. ಉಬ್ಬಿನ ಮೇಲೆ ಹುಣ್ಣಾದರೂ ಅಷ್ಟೆ. ಮೂತ್ರ ಕಟ್ಟಿಕೊಂಡರೆ, ಹೊರಬಂದ ಭಾಗ ಒಳಗೆ ಹೋಗದೆ ನೋಯತೊಡಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.