ಶೋಸ್ತಾಕೋವಿಚ್ 15: ಸೆರೆನೇಡ್‌ನ ಹನ್ನೆರಡು ಸ್ವರ ಕೊನೆಗೂ ಹಿಡಿತಕ್ಕೆ ಬಂತು

ನುಡಿಸುತ್ತಿರುವುದು ರಷ್ಯದ ಸಂಗೀತಕಾರ ಶೋಸ್ತಾಕೋವಿಚ್‌ನ 15ನೆಯ ಸ್ಟ್ರಿಂಗ್ ಕ್ವಾರ್ಟೆಟ್, ಅಂದರೆ ಎರಡು ಪಿಟೀಲು, ಒಂದು ವಿಯೋಲಾ, ಒಂದು ಚೆಲ್ಲೊಗೆ ಬರೆದ ಕೃತಿ. ಮೊದಲ ಭಾಗ ಎಲಿಜಿ ಕೂತಿದೆ, ಅದರ ಮಾತು ಬೇಡ. ಇಷ್ಟು ದಿನ ಸತಾಯಿಸಿದ್ದು ಎರಡನೆಯ ಭಾಗವಾದ ಸೆರೆನೇಡ್‌ನ ಶುರುವಿನ ಹನ್ನೆರಡು ಒಂಟಿ ಸ್ವರಗಳು. ಪ್ರತಿಯೊಂದೂ ಮೂರು ‘ಪಿ’ಯಿಂದ (ಪಿಯಾನೊ, ಮೆಲುದನಿ) ಹೊರಟು ನಾಲ್ಕು ‘ಎಫ್’ (ಫೋರ್ಟೆ, ಜೋರುದನಿ) ಮುಟ್ಟಬೇಕು. ಒಂದು ವಾದ್ಯ ಬಿಟ್ಟಲ್ಲಿ ಇನ್ನೊಂದು ಹಿಡಿಯಬೇಕು.

ಕೆಡುತ್ತಿದ್ದದ್ದು ಹೀಗೆ: ಅರ್ಧ ದಾರಿಯಲ್ಲೇ ಫೋರ್ಟೆ ಬಂದುಬಿಡುತ್ತಿತ್ತು, ಕಮಾನು ಮುಗಿಯುತ್ತಿತ್ತು. ಉಳಿದದ್ದಕ್ಕೆ ಕೈ ಒತ್ತಿದರೆ ತಂತಿ ಕಿರುಗುಟ್ಟಿ ಶ್ರುತಿ ಇಳಿಯುತ್ತಿತ್ತು. ಅತಿ ಒತ್ತಡಕ್ಕೆ ಸ್ವರ ತಗ್ಗುವುದು ತಂತಿಯ ಸ್ವಭಾವ.

ಈಗಿನ ಲೆಕ್ಕ: ಎಲ್ಲವೂ ಅಪ್-ಬೋ, ಅಂದರೆ ಕಮಾನು ತುದಿಯಿಂದ ಬುಡದ ಕಡೆಗೆ. ತುದಿಯಲ್ಲಿ ಭಾರ ತಾನಾಗಿಯೇ ಕಡಿಮೆ, ಬುಡದಲ್ಲಿ ತಾನಾಗಿಯೇ ಹೆಚ್ಚು. ಪಿಟೀಲಿನ ಕಮಾನಿನಲ್ಲಿ ಸುಮಾರು 65 ಸೆಂ.ಮೀ. ಕೂದಲಿದೆ. ಸ್ವರದ ಮೊದಲರ್ಧಕ್ಕೆ 15 ಸೆಂ.ಮೀ. ದಾಟಬಾರದು, ಕೊನೆಯ ಕಾಲುಭಾಗಕ್ಕೆ ಕನಿಷ್ಠ 30 ಉಳಿದಿರಬೇಕು. ಫಿಂಗರ್‌ಬೋರ್ಡ್ (ಬೆರಳೊತ್ತುವ ಪಟ್ಟಿ) ಅಂಚಿನಲ್ಲಿ ಶುರುಮಾಡಿ ತಂತಿ ಹೊತ್ತ ಕುದುರೆಯ ಕಡೆ ಜಾರಬೇಕು. ಮೊದಲು ವೇಗ, ಆಮೇಲೆ ಭಾರ. ಕೊನೆಗೆ ಕಮಾನನ್ನು ಎತ್ತದೆ ತಂತಿಯ ಮೇಲೇ ನಿಲ್ಲಿಸಿ. ಎತ್ತಿದರೆ ಉಳಿದ ನಾದ ಮುಂದಿನವರ ಪಿಯಾನಿಸ್ಸಿಮೊವನ್ನು (ಅತಿ ಮೆಲುದನಿಯನ್ನು) ನುಂಗುತ್ತದೆ.

ಫೋನಿನಲ್ಲಿ ರೆಕಾರ್ಡ್ ಮಾಡಿ ಏರಿಕೆ ಅಳೆಯುವವರು ಆಟೊ ಗೇನ್ (ದನಿಯ ಮಟ್ಟವನ್ನು ಫೋನ್ ತಾನೇ ಹೊಂದಿಸುವ ಸೌಲಭ್ಯ) ಆಫ್ ಮಾಡಿ. ಇಲ್ಲದಿದ್ದರೆ ಅದು ಮೆಲುದನಿಯನ್ನು ಎತ್ತಿ, ಜೋರುದನಿಯನ್ನು ತಗ್ಗಿಸಿ, ಒಳ್ಳೆಯ ಏರಿಕೆಯನ್ನೂ ಚಪ್ಪಟೆ ಮಾಡುತ್ತದೆ. ಎರಡು ಸಂಜೆಗಳ ಅಭ್ಯಾಸ ಇದರಿಂದಲೇ ದಾರಿ ತಪ್ಪಿತು.

ಶ್ರುತಿಯದು ಬೇರೆಯೇ ಕಾಟ. ಈ ಕೃತಿಯ ಇ-ಫ್ಲ್ಯಾಟ್ ಮೈನರ್ (ನ್ಯಾಚುರಲ್) ಸ್ಕೇಲಿನ ಏಳು ಸ್ವರಗಳಲ್ಲಿ ನಾಲ್ಕೂ ವಾದ್ಯಗಳ ಒಂದು ಖಾಲಿ (ಬೆರಳೊತ್ತದೆ ನುಡಿಸುವ) ತಂತಿಯೂ ಇಲ್ಲ. ತಾಳೆ ನೋಡಲು ಆಸರೆಯಿಲ್ಲ, ಜೊತೆಗೆ ಮಿಡಿಯುವ ತಂತಿಯಿಲ್ಲ. ಆ ಮಬ್ಬು ನಾದ ಈ ಕೃತಿಗೆ ಬೇಕಾದದ್ದೇ. ತಂಬೂರಿ ಆ್ಯಪ್‌ನಲ್ಲಿ ಇ-ಫ್ಲ್ಯಾಟ್ ಇಟ್ಟುಕೊಂಡು ನಿಧಾನಕ್ಕೆ ನುಡಿಸಿದರೆ ಕಿವಿಗೆ ನೆಲೆ ಸಿಗುತ್ತದೆ.

ಹೊಸ ತಂತಿ ಹಾಕುವುದಿದ್ದರೆ ವಾರ ಮೊದಲೇ ಹಾಕಿ. ಆರು ಭಾಗಗಳೂ ಅಡಾಜಿಯೊ (ನಿಧಾನಗತಿ), ಎಲ್ಲವೂ ತಡೆಯಿಲ್ಲದೆ ಸಾಗುತ್ತವೆ. ಅರ್ಧ ಗಂಟೆಗೂ ಮೀರಿ ಬಿರಡೆ ಮುಟ್ಟುವ ಅವಕಾಶವಿಲ್ಲ. ಚೆಲ್ಲೊದ ಸಿ ತಂತಿ ಕೇಳಿದರೆ ಅಂಗಡಿಯವರು ಕಳಿಸಿದ್ದು ವಿಯೋಲಾದ ಸಿ ತಂತಿ, ಅದೂ ಎರಡು ಸಲ! ಪೊಟ್ಟಣ ಒಡೆಯುವ ಮೊದಲು ಲೇಬಲ್ ಓದಿ.

ಮುಂದೆ ಕಲಿಯುವುದು ಅವನದೇ 13ನೆಯ ಕ್ವಾರ್ಟೆಟ್, 1970ರ ಬಿ-ಫ್ಲ್ಯಾಟ್ ಮೈನರ್. ಅದರಲ್ಲಿ ಕಮಾನಿನ ಕಡ್ಡಿಯಿಂದ ವಾದ್ಯದ ಮೈಯನ್ನೇ ಕುಟ್ಟಬೇಕು. ವಾರ್ನಿಷ್ ಉಳಿಯಲು ಎಲ್ಲಿ, ಎಷ್ಟು ಮೆಲ್ಲಗೆ ಕುಟ್ಟಬೇಕೆಂದು ಹಳೆಯ ಕಲಿಕೆಯ ಪಿಟೀಲಿನ ಮೇಲೆ ಪರೀಕ್ಷೆ ಶುರುವಾಗಿದೆ.

ಸೆರೆನೇಡ್‌ನಲ್ಲಿ ಬಾಕಿ ಉಳಿದದ್ದು ಚೆಲ್ಲೊ. ದಪ್ಪ ತಂತಿ ಪಿಯಾನಿಸ್ಸಿಮೊದಲ್ಲಿ ತಡವಾಗಿ ಬಾಯಿಬಿಡುತ್ತದೆ. ಎಡಗೈ ಬೆರಳಿನಿಂದ ತಂತಿಯನ್ನು ಕೇಳಿಸದಷ್ಟು ಮೆಲ್ಲಗೆ ಮೀಟಿ, ಆಮೇಲೆ ಕಮಾನು ಎಳೆದರೆ ಹತ್ತಕ್ಕೆ ಏಳು ಸಲ ಸರಿಯಾಗಿ ಹೊರಡುತ್ತಿದೆ.